ಮರಿ ಬಿಡುವ ಮೊದಲು ದಾರಿ ಬಿಡಿ: ಕಾವೇರಿಯ ಬಿಳಿಮೀನು ಉಳಿಸಲು ದಡದ ಊರಿನವರಿಗೊಂದು ಮಾರ್ಗದರ್ಶಿ

ಹೊಳೆ ದಂಡೆಯಲ್ಲಿ ಶಾಮಿಯಾನ, ಮೈಕು, ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ತಂದ ಮೀನುಮರಿ, ಅತಿಥಿಗಳು ಚೀಲದ ಬಾಯಿ ಬಿಚ್ಚಿ ನೀರಿಗೆ ಸುರಿಯುವ ಫೋಟೊ. ಮೀನು ಸಂರಕ್ಷಣೆ ಅಂದರೆ ನಮ್ಮಲ್ಲಿ ಬಹುಪಾಲು ಇಷ್ಟೇ. ಕಾವೇರಿಯ ಬಿಳಿಮೀನಿನ ಮಟ್ಟಿಗೆ ಈ ಕೆಲಸವನ್ನು ಪಟ್ಟಿಯ ಕಟ್ಟಕಡೆಗೆ ತಳ್ಳಬೇಕು. ಅದಕ್ಕೂ ಮೊದಲು ಮಾಡಬೇಕಾದ್ದು ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನದಕ್ಕೆ ದುಡ್ಡೂ ಬೇಡ, ಅತಿಥಿಗಳೂ ಬೇಡ.

ಬಿಳಿಮೀನು ಎಂದು ನಾವು ಕರೆಯುವುದು ಮಹಶೀರ್ ಜಾತಿಯ ಮೀನುಗಳನ್ನು. ಅದರಲ್ಲಿ ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಬ್ರಿಟಿಷರ ಕಾಲದಿಂದಲೂ ಗಾಳ ಹಾಕುವವರು ಹುಡುಕಿಕೊಂಡು ಬರುತ್ತಿದ್ದ ಈ ಮೀನಿಗೆ ವಿಜ್ಞಾನದ ಪುಸ್ತಕದಲ್ಲಿ ಸರಿಯಾದ ಹೆಸರು ಗಟ್ಟಿಯಾದದ್ದು ಮಾತ್ರ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿ ಎಂಬ ಮೀನೂ ನಮ್ಮ ಗೂನುಬೆನ್ನಿನದೂ ಒಂದೇ ಎಂದು ಆಗ ಖಚಿತವಾಯಿತು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುವ ಹೊಳೆ. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಗೂ ಸೇರಿಸಲಾಗದು. ಹೆಸರು ಸಿಕ್ಕ ವರ್ಷವೇ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಸಾಲಿಗೆ ಸೇರಿತು. ಹುಲಿ, ಆನೆಗಳು ಇರುವ ಸಾಲಿಗಿಂತಲೂ ಇದು ಒಂದು ಮೆಟ್ಟಿಲು ಕೆಟ್ಟ ಜಾಗ.

ಈ ಬರಹ ಕೊಡಗಿನಿಂದ ಹನೂರಿನವರೆಗೆ ಕಾವೇರಿ, ಕಬಿನಿ, ಹೇಮಾವತಿ, ಲಕ್ಷ್ಮಣತೀರ್ಥದ ದಂಡೆಯಲ್ಲಿ ತೋಟ, ಗದ್ದೆ, ದೇವಸ್ಥಾನ, ಹೋಂಸ್ಟೇ ಇಟ್ಟುಕೊಂಡಿರುವವರಿಗೆ. ತುಂಗಾ, ಭದ್ರಾ ಕಡೆಯವರಿಗೂ ಎಂಟನೆಯ ಹೆಜ್ಜೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹಾಗೇ ಒಪ್ಪುತ್ತದೆ.

ಹೆಜ್ಜೆ 1: ಯಾವ ಮೀನು ಎಂದು ಮೊದಲು ನೋಡಿ

ಈಗ ಕಾವೇರಿಯಲ್ಲಿ ಸಿಗುವ ಬಿಳಿಮೀನುಗಳಲ್ಲಿ ಹೆಚ್ಚಿನವು ನೀಲಿ ರೆಕ್ಕೆಯವು, ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಎಂಬಾತ ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಹೆಸರಿಟ್ಟ ಜಾತಿ ಅದು, ಕೃಷ್ಣಾ ಕಣಿವೆಯ ಮೀನು. ಗೂನುಬೆನ್ನಿನದರ ರೆಕ್ಕೆ ಮತ್ತು ಬಾಲದಲ್ಲಿ ಕಿತ್ತಳೆ ಕೆಂಪು ಕಾಣುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕಿತ್ತಳೆ ರೆಕ್ಕೆಯ ಮಹಶೀರ್ ಎಂಬ ಹೆಸರೂ ಇದೆ. ನೀಲಿ ರೆಕ್ಕೆಯದರಲ್ಲಿ ಅದೇ ಜಾಗ ಬೂದು ಮಿಶ್ರಿತ ಕಡುನೀಲಿ. ಕಿವಿರಿನ ಮುಚ್ಚಳದ ಮೇಲ್ಗಡೆಯಿಂದಲೇ ಬೆನ್ನು ತಟ್ಟನೆ ಏರಿದ್ದರೆ ಗೂನುಬೆನ್ನಿನದು ಎಂಬ ಅನುಮಾನ ಗಟ್ಟಿಯಾಗುತ್ತದೆ. ಮರಿಗಳಲ್ಲಿ ಈ ಏರು ಅಷ್ಟು ಎದ್ದು ಕಾಣದು, ಹಾಗಾಗಿ ಅಲ್ಲಿ ಬಣ್ಣವನ್ನೇ ನಂಬಬೇಕು.

ಮೀನು ಕೈಗೆ ಬಂದರೆ ಪಕ್ಕದಿಂದ ಒಂದು, ತಲೆಯಷ್ಟೇ ಒಂದು, ಬಾಲದ ರೆಕ್ಕೆ ಅಗಲಿಸಿ ಒಂದು, ಹೀಗೆ ಮೂರು ಫೋಟೊ ತೆಗೆದರೆ ಸಾಕು. ಹಗಲು ಬೆಳಕಿರಲಿ, ಫ್ಲ್ಯಾಶ್ ಬೇಡ, ಅದು ಬಣ್ಣ ಕೆಡಿಸುತ್ತದೆ. ಮೀನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಗುವ ಫೋಟೊದಿಂದ ಜಾತಿ ಗುರುತಿಸುವವನಿಗೆ ಏನೂ ಸಿಗುವುದಿಲ್ಲ, ಮೀನಿಗಂತೂ ಹಿಂಸೆ. ಒದ್ದೆ ಕೈಯಲ್ಲಿ, ನೀರಿನೊಳಗೇ ಮಲಗಿಸಿ ತೆಗೆಯಿರಿ.

ಹೆಜ್ಜೆ 2: ಬೇಸಿಗೆಯಲ್ಲಿ ಹೊಳೆ ನಡೆದು ನೋಡಿ

ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದಾಗ ನಿಮ್ಮ ಊರಿನ ಎಲ್ಲೆಯಷ್ಟು ಉದ್ದಕ್ಕೆ ಹೊಳೆಯ ಪಾತ್ರವನ್ನು ನಡೆದು ನೋಡಿ. ಮೂರ್ನಾಲ್ಕು ಜನ, ಒಂದು ನೋಟ್‌ಬುಕ್, ಲೊಕೇಶನ್ ಆನ್ ಮಾಡಿದ ಒಂದು ಮೊಬೈಲ್ ಸಾಕು. ಗುರುತು ಹಾಕಿಕೊಳ್ಳಬೇಕಾದ್ದು ಮುಖ್ಯವಾಗಿ ನಾಲ್ಕು: ಬೇಸಿಗೆಯಲ್ಲೂ ಬತ್ತದ ಮಡು, ಗರಸು ಹಾಸಿದ ತೆಳುನೀರಿನ ಜಾಗ, ಬಂದು ಸೇರುವ ಹಳ್ಳಗಳ ಬಾಯಿ, ಮತ್ತು ನೀರಿಗೆ ಅಡ್ಡ ಕಟ್ಟಿರುವ ಯಾವುದೇ ಕಟ್ಟೆ ಅಥವಾ ಮೋರಿ.

ಬಿಳಿಮೀನಿನ ವರ್ಷವೆಲ್ಲ ಈ ನಾಲ್ಕರ ನಡುವೆಯೇ ಕಳೆಯುತ್ತದೆ. ಬೇಸಿಗೆಯಲ್ಲಿ ದೊಡ್ಡ ಮೀನುಗಳು ಮಡು ಬಿಟ್ಟು ಕದಲುವುದಿಲ್ಲ. ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬಂದಾಗ ಎದುರು ಹತ್ತಿ ಮೇಲಿನ ಹಳ್ಳಗಳ ಕಡೆ ಹೊರಡುತ್ತವೆ. ಮೊಟ್ಟೆಯಿಡುವುದು ಕಲ್ಲು, ಗರಸಿನ ಮೇಲೆ, ಹರಿಯುವ ನೀರಿನಲ್ಲಿ. ಕಾಟ್ಲಾ, ರೋಹುಗಳಂತೆ ಲಕ್ಷಗಟ್ಟಲೆ ಮೊಟ್ಟೆಯನ್ನು ಒಂದೇ ಸಲ ಚೆಲ್ಲುವ ಜಾತಿಯಲ್ಲ ಇದು. ಮೈಯ ಗಾತ್ರಕ್ಕೆ ಹೋಲಿಸಿದರೆ ಮೊಟ್ಟೆ ಕಡಿಮೆ, ಅದನ್ನೂ ಕಂತುಕಂತಾಗಿ ಇಡುತ್ತದೆ. ನೀರಿಗಿಂತ ಭಾರವಾದ ಮೊಟ್ಟೆ ಕಲ್ಲಿನ ಸಂದಿಗೆ ಇಳಿದು ಕೂರುತ್ತದೆ. ಒಡೆದ ಮೇಲೂ ಮರಿಗಳು ಕೆಲವು ದಿನ ಈಜಲಾರದೆ ಅಲ್ಲೇ ಅಡಗಿರುತ್ತವೆ. ಆ ಗರಸಿನ ಮೇಲೆ ಟಿಪ್ಪರ್ ಓಡಿದರೆ ಒಂದು ವರ್ಷದ ಪೀಳಿಗೆ ಅಲ್ಲಿಗೆ ಮುಗಿಯಿತು.

ನಕ್ಷೆಗೆ ಇಳಿಸುವ ಮೊದಲು ಊರಿನ ಹಳೆಯ ತೆಪ್ಪದವರ ಹತ್ತಿರ ಕೂತು ಮಾತಾಡಿ. “ಬಿಳಿಮೀನು ಎಷ್ಟಿದ್ದವು?” ಎಂದು ಕೇಳಿದರೆ ಉತ್ತರ ಯಾವಾಗಲೂ “ಲೆಕ್ಕವೇ ಇರ್ಲಿಲ್ಲ” ಎಂದೇ ಬರುತ್ತದೆ, ಅದರಿಂದ ಉಪಯೋಗವಿಲ್ಲ. “ಅಣ್ಣ, ಮೊದಲ ನೀರು ಬಂದಾಗ ಮೀನು ಯಾವ ಹಳ್ಳಕ್ಕೆ ಹತ್ತೋದು? ಎಲ್ಲಿವರೆಗೆ ಹೋಗೋದು? ಈಗ ಎಲ್ಲಿ ನಿಲ್ಲುತ್ತೆ?” ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರವೇ ನಿಮ್ಮ ಮುಂದಿನ ಕೆಲಸದ ಜಾಗ.

ಹೆಜ್ಜೆ 3: ದಾರಿ ಬಿಡಿಸಿ

ದೊಡ್ಡ ಅಣೆಕಟ್ಟುಗಳ ವಿಷಯದಲ್ಲಿ ಊರಿನವರು ಮಾಡಬಹುದಾದದ್ದು ಏನೂ ಇಲ್ಲ. 1911ರಲ್ಲಿ ಶುರುವಾದ ಕನ್ನಂಬಾಡಿ, 1934ರಲ್ಲಿ ಮುಗಿದ ಮೆಟ್ಟೂರು, ಆಮೇಲಿನ ಕಬಿನಿ, ಹೇಮಾವತಿ, ಹಾರಂಗಿ, ಇವು ಕಾವೇರಿಯನ್ನು ತುಂಡುತುಂಡು ಮಾಡಿ ದಶಕಗಳೇ ಕಳೆದವು. ಮೇಕೆದಾಟುವಿನ 67 ಟಿಎಂಸಿ ಯೋಜನೆಯ ಬಗ್ಗೆ ಎರಡು ರಾಜ್ಯಗಳು ವರ್ಷಗಳಿಂದ ವಾದಿಸುತ್ತಿವೆ. ಆ ವಾದದಲ್ಲಿ ಬೆಂಗಳೂರಿನ ಕುಡಿಯುವ ನೀರು ಬರುತ್ತದೆ, ತಂಜಾವೂರಿನ ಭತ್ತ ಬರುತ್ತದೆ, ಶಿವನಸಮುದ್ರದ ಕೆಳಗೆ ಉಳಿದಿರುವ ಅಣೆಯಿಲ್ಲದ ಹರಿವಿನಲ್ಲಿ ಬದುಕುವ ಮೀನಿನ ಮಾತು ಬಂದದ್ದನ್ನು ನಾನು ಹೆಚ್ಚಾಗಿ ಕೇಳಿಲ್ಲ.

ಆದರೆ ಮೊಟ್ಟೆಯಿಡಲು ಹೋಗುವ ಮೀನಿಗೆ ಅಡ್ಡವಾಗುವುದು ಬರೀ ದೊಡ್ಡ ಕಟ್ಟೆಗಳಲ್ಲ. ಹಳ್ಳಕ್ಕೆ ಕಟ್ಟಿದ ಮೂರಡಿ ಚೆಕ್ ಡ್ಯಾಂ ಸಾಕು, ರಸ್ತೆ ಕೆಳಗಿನ ಸಿಮೆಂಟ್ ಪೈಪು ಸಾಕು. ಇಲ್ಲಿ ಕೈಯಾಡಿಸಲು ನಮಗೆ ಜಾಗವಿದೆ.

ಕಿಂಡಿ ಅಣೆಕಟ್ಟಿದ್ದರೆ ಕೆಲಸ ಸುಲಭ. ಮಳೆ ಮುಗಿದ ಮೇಲೆ ಹಲಗೆ ಇಳಿಸಿ, ಮುಂದಿನ ಮಳೆಗೆ ಮುಂಚೆ ತೆಗೆಯುವುದು ನಿಯಮ. ನಡೆಯುವುದು ಹೇಗೆಂದರೆ, ಜೂನ್‌ನಲ್ಲಿ ನೀರು ಹಲಗೆಯ ಮೇಲೆ ಹಾಯ್ದು ಹೋಗುವಾಗ ಯಾರಿಗೋ ನೆನಪಾಗುತ್ತದೆ, ಆಗ ಇಳಿದು ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಮೇ ತಿಂಗಳ ಮೂರನೇ ವಾರಕ್ಕೆ ಒಂದು ದಿನ ಗೊತ್ತುಮಾಡಿ, ಯಾರು ಬರಬೇಕು, ಹಲಗೆ ಎಲ್ಲಿ ಇಡಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಎಲ್ಲ ಕಿಂಡಿಯನ್ನೂ ಬುಡದವರೆಗೆ ತೆಗೆಯಬೇಕು. ಕೆಳಗಿನ ಎರಡು ಹಲಗೆ ಹೂಳಿಗೆ ಅಂಟಿಕೊಂಡಿವೆ ಎಂದು ಬಿಟ್ಟರೆ ಮೀನಿನ ಪಾಲಿಗೆ ಅದು ಮುಚ್ಚಿದ ಬಾಗಿಲೇ.

ತೆಗೆಯಲಾಗದ ಗಟ್ಟಿ ಕಟ್ಟೆಯಾದರೆ ಅದರ ಕೆಳಮುಖಕ್ಕೆ ಕಲ್ಲಿನ ಇಳಿಜಾರು ಕಟ್ಟಿಸುವ ದಾರಿ ಇದೆ. ಮನೆ ಮುಂದೆ ಸ್ಕೂಟರ್ ಹತ್ತಿಸಲು ಹಾಕುತ್ತಾರಲ್ಲ, ಅದೇ ತತ್ವ, ಇಲ್ಲಿ ಏರು ಇನ್ನೂ ತೀರಾ ಕಡಿಮೆ ಇರಬೇಕು. ಕಟ್ಟೆ ಒಂದು ಅಡಿ ಎತ್ತರವಿದ್ದರೆ ಇಳಿಜಾರು ಕನಿಷ್ಠ 20 ಅಡಿ ಉದ್ದ. ದೊಡ್ಡ ಗುಂಡುಕಲ್ಲುಗಳನ್ನು ಸಾಲುಸಾಲಾಗಿ ಅಡ್ಡ ಕೂರಿಸಿ, ಸಾಲುಗಳ ನಡುವೆ ನೀರು ನಿಲ್ಲುವ ತಗ್ಗು ಬಿಡಬೇಕು, ಮೀನು ಅಲ್ಲಿ ದಣಿವಾರಿಸಿಕೊಂಡು ಮುಂದಿನ ಸಾಲು ಹತ್ತುತ್ತದೆ. ನುಣ್ಣಗೆ ಸಿಮೆಂಟ್ ಬಳಿದರೆ ನೀರು ತೆಳ್ಳಗಾಗಿ ಜೋರಾಗಿ ಹರಿದು ಎಲ್ಲ ಶ್ರಮ ದಂಡ. ಇದನ್ನು ಪಂಚಾಯಿತಿಯ ಇಂಜಿನಿಯರ್ ಜೊತೆ ಸೇರಿ, ಕಟ್ಟೆ ಯಾವ ಇಲಾಖೆಯದೋ ಅದರ ಒಪ್ಪಿಗೆ ಬರಹದಲ್ಲಿ ಪಡೆದೇ ಮಾಡಿ. ಮೇಲ್ಗಡೆ ನೀರು ಕಡಿಮೆಯಾಗುತ್ತದೆ ಎಂದು ಗದ್ದೆಯವರು ಜಗಳಕ್ಕೆ ಬರುವುದುಂಟು. ಇಳಿಜಾರು ಕಟ್ಟೆಯ ಎತ್ತರವನ್ನು ಮುಟ್ಟುವುದಿಲ್ಲ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಅವರನ್ನು ಸ್ಥಳಕ್ಕೆ ಕರೆದು ತೋರಿಸಿಬಿಡಿ.

ಮೋರಿ ಪೈಪಿನ ಕೆಳಬಾಯಿ ಹಳ್ಳದ ಮಟ್ಟಕ್ಕಿಂತ ಮೇಲೆ ತೂಗಾಡುತ್ತಿದ್ದರೆ, ಅದರ ಮುಂದೆ ಕಲ್ಲು ಪೇರಿಸಿ ನೀರಿನ ಮಟ್ಟವನ್ನು ಪೈಪಿನ ಬಾಯಿಗೆ ತಂದರೂ ಸಾಕಷ್ಟು ಮೀನು ದಾಟುತ್ತವೆ. ಹೊಸ ರಸ್ತೆ ಆಗುವಾಗ ಪೈಪಿನ ಬದಲು ಚೌಕದ ಮೋರಿ ಹಾಕಿ, ಅದರ ತಳವನ್ನು ಹಳ್ಳದ ತಳಕ್ಕಿಂತ ಒಂದಡಿ ಕೆಳಗಿಡಿ ಎಂದು ಗ್ರಾಮಸಭೆಯಲ್ಲಿ ಬರೆಸಿಡಿ.

ಹೆಜ್ಜೆ 4: ಮೊದಲ ಮಳೆಯ ಎರಡು ತಿಂಗಳು

ಹತ್ತುಮೀನು ಹಿಡಿಯುವ ಸಂಭ್ರಮ ಮಲೆನಾಡು, ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಟಾರ್ಚು, ಕತ್ತಿ, ಗದ್ದೆಯ ಬದುವಿಗೆ ಕೂಣಿ, ಅಂದರೆ ಮೀನು ಬೀಳುವ ಬಿದಿರಿನ ಬೋನು. ಮಳೆಯ ಊಟದ ರುಚಿಯೇ ಬೇರೆ ಎಂಬುದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಹತ್ತುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ, ಅದು ಹತ್ತುತ್ತಿರುವುದೇ ಅದಕ್ಕಾಗಿ. ಮಳೆಗಾಲದ ಆರಂಭದ ಸುಮಾರು ಎರಡು ತಿಂಗಳು ಹೊಳೆ, ಹಳ್ಳ, ಜಲಾಶಯಗಳಲ್ಲಿ ಮೀನು ಹಿಡಿಯಬಾರದೆಂದು ನಮ್ಮ ಹಲವು ಜಿಲ್ಲೆಗಳಲ್ಲಿ ಪ್ರತಿವರ್ಷ ಆದೇಶ ಹೊರಡುತ್ತದೆ. ಪತ್ರಿಕೆಯ ಒಳಪುಟದಲ್ಲಿ ಎರಡು ಇಂಚು ಸುದ್ದಿಯಾಗಿ ಅದು ಮುಗಿದೂ ಹೋಗುತ್ತದೆ. ಆ ಆದೇಶದ ಪ್ರತಿಯನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಿಂದ ಮೇ ತಿಂಗಳಲ್ಲೇ ತಂದು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಸಲೂನುಗಳ ಗೋಡೆಗೆ ಅಂಟಿಸಿ.

ಊರಿನಲ್ಲಿ ಪೂರ್ತಿ ನಿಷೇಧ ನಡೆಯುವುದಿಲ್ಲ ಅನ್ನಿಸಿದರೆ ಎರಡು ವಿಷಯಕ್ಕೆ ಮಾತ್ರ ಪಟ್ಟು ಹಿಡಿಯಿರಿ. ಒಂದು, ಹಳ್ಳದ ಬಾಯಿಗೆ ಅಡ್ಡವಾಗಿ ದಂಡೆಯಿಂದ ದಂಡೆಗೆ ಬಲೆ ಕಟ್ಟುವುದು ಬೇಡ. ಎರಡು, ಬಿಳಿಮೀನು ಸಿಕ್ಕಿದರೆ ಜೀವಂತವಾಗಿ ವಾಪಸ್ಸು. ಕೂಣಿ ಇಡುವ ಅಜ್ಜನ ಮೇಲೆ ಪೊಲೀಸರನ್ನು ಬಿಟ್ಟರೆ ಊರು ನಿಮಗೆ ಎದುರಾಗುತ್ತದೆ. ಅವನ ಕೂಣಿಗೆ ಬೀಳುವುದಕ್ಕಿಂತ ಹೆಚ್ಚು ಮೀನು ಆ ಅಡ್ಡಬಲೆಗೆ ಬೀಳುತ್ತದೆ. ಎಷ್ಟೋ ಊರಿನಲ್ಲಿ ಅದನ್ನು ಕಟ್ಟುವವರು ಊರಿನವರೂ ಆಗಿರುವುದಿಲ್ಲ.

ಹೆಜ್ಜೆ 5: ತೋಟೆ, ವಿಷ, ಕರೆಂಟು

ವರ್ಷಗಟ್ಟಲೆ ಬೆಳೆದ ಮೀನುಗಳಿರುವ ಒಂದು ಮಡುವನ್ನು ಒಂದು ತೋಟೆ, ಅಂದರೆ ಜಿಲೆಟಿನ್ ಸಿಡಿಮದ್ದಿನ ಕಡ್ಡಿ, ಒಂದು ಕ್ಷಣದಲ್ಲಿ ಖಾಲಿ ಮಾಡುತ್ತದೆ. ಸತ್ತ ಮೀನಿನಲ್ಲಿ ಬಹಳಷ್ಟು ತಳಕ್ಕೆ ಮುಳುಗುತ್ತವೆ. ತೋಟೆ ಹಾಕಿದವನ ಕೈಗೆ ಸಿಗುವುದು ತೇಲಿದ್ದು ಮಾತ್ರ.

ದಂಡೆಯಲ್ಲಿ ಸತ್ತ ಮೀನು ಕಂಡಾಗ ಗಾಬರಿಯಾಗುವ ಮುಂಚೆ ಒಂದೆರಡನ್ನು ಕೈಗೆತ್ತಿಕೊಂಡು ನೋಡಿ, ಕಾರಣ ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ. ಹೊಟ್ಟೆ ಸೀಳಿದಾಗ ಒಳಗಿನ ಗಾಳಿಚೀಲ ಹರಿದಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ, ಬೆನ್ನುಮೂಳೆ ಮುರಿದಿದ್ದರೆ ಅದು ತೋಟೆ. ಮೀನಿನ ಜೊತೆ ಸೀಗಡಿ, ನೀರುಹುಳುಗಳೂ ಸತ್ತಿವೆ, ಸಣ್ಣ ಮೀನುಗಳು ಮೊದಲು ಹೋಗಿವೆ ಎಂದಾದರೆ ಕೀಟನಾಶಕದ ಅನುಮಾನ. ಕಿವಿರು ಬಿಳಿಚಿಕೊಂಡು ನೀರಿನಲ್ಲಿ ಘಾಟು ಇದ್ದರೆ ಬ್ಲೀಚಿಂಗ್ ಪೌಡರ್. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು, ಸತ್ತದ್ದರಲ್ಲಿ ದೊಡ್ಡವೇ ಹೆಚ್ಚು ಎಂದರೆ ಯಾರೂ ಏನೂ ಹಾಕದೆ ನೀರಿನಲ್ಲಿ ಆಮ್ಲಜನಕವೇ ತೀರಿಹೋಗಿರಬಹುದು. ಆಗ ಕಳ್ಳನನ್ನು ಹುಡುಕಬೇಡಿ, ಮೇಲ್ಗಡೆ ಯಾವ ಕೊಳಚೆ ಬಿಟ್ಟಿದ್ದಾರೆ ನೋಡಿ.

ವಿಷದ ಅನುಮಾನವಿದ್ದರೆ ತೊಳೆದ ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ನೀರು ತುಂಬಿ ಬಿಗಿಯಾಗಿ ಮುಚ್ಚಳ ಹಾಕಿ. ಒಂದು ಬಾಟಲಿ ಸತ್ತ ಜಾಗದ್ದು, ಇನ್ನೊಂದು ಅದಕ್ಕಿಂತ ಮೇಲ್ಗಡೆಯದು. ಆಗತಾನೆ ಸತ್ತ ಎರಡು ಮೂರು ಮೀನನ್ನು ಫಾಯಿಲ್‌ನಲ್ಲಿ ಸುತ್ತಿ ಐಸ್‌ನಲ್ಲಿಡಿ. ಕೊಳೆತದ್ದು ಪರೀಕ್ಷೆಗೆ ಬಾರದು. ದಿನಾಂಕ, ಗಂಟೆ, ಜಾಗವನ್ನು ಬಾಟಲಿಯ ಮೇಲೆಯೇ ಬರೆದು, ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದೇ ದಿನ ಮುಟ್ಟಿಸಿ. ಸತ್ತ ಮೀನನ್ನು ಮನೆಗೆ ಒಯ್ಯುವವರನ್ನು ತಡೆಯಿರಿ. ಇದು ಮೀನಿಗಾಗಿಯಲ್ಲ, ಅವರ ಮಕ್ಕಳಿಗಾಗಿ.

ದೂರು ಬರೆಯುವಾಗಿನ ಒಂದು ಸೂಕ್ಷ್ಮ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ಅಲ್ಲಿ ಬರೆದಿರುವ ಶಿಕ್ಷೆ ಹೆಚ್ಚೆಂದರೆ ಎರಡು ತಿಂಗಳ ಸೆರೆ ಅಥವಾ 200 ರೂಪಾಯಿ ದಂಡ. ಒಂದು ಕಿಲೊ ಮೀನು ಮಾರಿದರೆ ಕಟ್ಟಬಹುದಾದ ದಂಡ ಅದು. ಹಾಗಾಗಿ ದೂರಿನಲ್ಲಿ “ಅಕ್ರಮ ಮೀನುಗಾರಿಕೆ” ಎಂದು ಬರೆದು ನಿಲ್ಲಿಸಬೇಡಿ. “ಅಕ್ರಮವಾಗಿ ಸ್ಫೋಟಕ ಇಟ್ಟುಕೊಂಡು ಬಳಸಿದ್ದಾರೆ” ಎಂದು ಮೊದಲ ವಾಕ್ಯದಲ್ಲೇ ಬರೆಯಿರಿ, ಆಗ 1908ರ ಸ್ಫೋಟಕ ವಸ್ತುಗಳ ಕಾಯ್ದೆ ಎದುರಿಗೆ ಬರುತ್ತದೆ. ಜಿಲೆಟಿನ್ ಎಲ್ಲಿಂದ ಬಂತು, ಯಾವ ಕ್ವಾರಿಯದು ಎಂಬ ಪ್ರಶ್ನೆಯನ್ನೂ ಪೊಲೀಸರು ಆಗ ಕೇಳಲೇಬೇಕಾಗುತ್ತದೆ. ಅಭಯಾರಣ್ಯದ ಒಳಗಾದರೆ, ಉದಾಹರಣೆಗೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದಲ್ಲಾದರೆ, ದೂರು ಅರಣ್ಯ ಇಲಾಖೆಗೂ ಹೋಗಬೇಕು, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಅನ್ವಯವಾಗುತ್ತದೆ. ತಕ್ಷಣದ ಕರೆಗೆ ಪೊಲೀಸರ 112 ಇದೆ.

ತೋಟೆ ಹಾಕುತ್ತಿರುವವರ ಬಳಿ ರಾತ್ರಿ ಹೊತ್ತು ಒಬ್ಬರೇ ಹೋಗಬೇಡಿ, ಸಿಡಿಯದೆ ಉಳಿದ ಕಡ್ಡಿಯನ್ನು ಮುಟ್ಟಬೇಡಿ. ದೂರದಿಂದ ವಿಡಿಯೊ, ಗಾಡಿಯ ನಂಬರು, ಇಷ್ಟೇ ಸಾಕು.

ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕುವ ಹಳೆಯ ಪದ್ಧತಿಯೂ ಇದೆ. ಜನ ಕಡಿಮೆ, ನೀರು ಹೆಚ್ಚಿದ್ದ ಕಾಲದಲ್ಲಿ ಅದು ನಡೆದಿರಬಹುದು, ಈಗಿನ ಬತ್ತಿದ ಮಡುವಿನಲ್ಲಿ ಅದೂ ಒಂದೇ, ಮೈಲುತುತ್ತವೂ ಒಂದೇ. ಇನ್ವರ್ಟರ್ ಬ್ಯಾಟರಿಯಿಂದ ನೀರಿಗೆ ಕರೆಂಟು ಬಿಡುವುದು ಇತ್ತೀಚಿನ ಪಿಡುಗು. ಇದರಲ್ಲಿ ಮೀನಿನ ಜೊತೆ ಮನುಷ್ಯರೂ ಸಾಯುತ್ತಾರೆ, ಮನೆಯ ಹೆಂಗಸರಿಗೆ ಅದನ್ನು ಹೇಳಿ. ಗಂಡಸರಿಗೆ ಹೇಳುವುದಕ್ಕಿಂತ ಬೇಗ ಕೆಲಸವಾಗುತ್ತದೆ.

ಹೆಜ್ಜೆ 6: ನೀರು, ಮರಳು, ಮರ

ಕಾಫಿ ಸೀಮೆಯವರಿಗೆ ಒಂದು ಮಾತು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಪಲ್ಪಿಂಗ್ ನಡೆಯುತ್ತದೆ, ಹಳ್ಳದಲ್ಲಿ ನೀರು ಇಳಿಯುವುದೂ ಆಗಲೇ. ಹಣ್ಣಿನ ಸಿಪ್ಪೆ, ಲೋಳೆ ತೊಳೆದ ಹುಳಿನೀರು ಹಳ್ಳಕ್ಕಿಳಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಸುಣ್ಣ ಹಾಕಿ ಹುಳಿ ಮುರಿದು, ಸಾಲು ತೊಟ್ಟಿಗಳಲ್ಲಿ ನಿಲ್ಲಿಸಿ, ತೋಟಕ್ಕೇ ಬಿಡುವ ವ್ಯವಸ್ಥೆ ಹೊಸದೇನಲ್ಲ. ತೊಟ್ಟಿ ಇರುವ ಎಷ್ಟೋ ಕಡೆ ರಾತ್ರಿ ತೂಬು ತೆರೆಯುವ ರೂಢಿಯೂ ಇದೆ ಎಂಬುದು ಹಳ್ಳದ ಕೆಳಗಿನವರಿಗೆಲ್ಲ ಗೊತ್ತು.

ಮರಳು, ಗರಸಿನ ಮಾತು ಆಗಲೇ ಬಂತು. ನಿಮ್ಮ ನಕ್ಷೆಯಲ್ಲಿ ಗುರುತಿಸಿದ ಗರಸಿನ ಜಾಗಗಳ ಪಟ್ಟಿಯನ್ನು ಗಣಿ ಇಲಾಖೆಗೆ, ತಹಶೀಲ್ದಾರರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಮರಳು ಬ್ಲಾಕ್ ಗುರುತಿಸುವಾಗ ಆ ಕಾಗದ ಉಪಯೋಗಕ್ಕೆ ಬರುತ್ತದೆ.

ದಂಡೆಯ ಅತ್ತಿ, ನೇರಳೆ, ಹೊಂಗೆ, ಹೊಳೆಮತ್ತಿಯನ್ನು ಕಡಿಯಬೇಡಿ. ಬಿಳಿಮೀನು ಏಡಿ, ಬಸವನಹುಳು ತಿನ್ನುವಷ್ಟೇ ಖುಷಿಯಿಂದ ನೀರಿಗೆ ಬಿದ್ದ ಅತ್ತಿಹಣ್ಣನ್ನೂ ತಿನ್ನುತ್ತದೆ. ಏಡಿಯ ಚಿಪ್ಪು ಪುಡಿ ಮಾಡುವ ಹಲ್ಲು ಅದರ ಗಂಟಲಲ್ಲಿದೆ. ಕಾವೇರಿಯಲ್ಲಿ ಗಾಳ ಹಾಕಲು ವಿದೇಶದಿಂದ ಬರುತ್ತಿದ್ದವರು ಕೊನೆಗೆ ನಂಬಿದ್ದು ರಾಗಿಮುದ್ದೆಯನ್ನು, ಅದೂ ಇಲ್ಲಿನ ಗಾಳದವರು ಮಸಾಲೆ ಹಾಕಿ ಗಟ್ಟಿಯಾಗಿ ಬೇಯಿಸಿದ್ದನ್ನು.

ಹೆಜ್ಜೆ 7: ಮಡುವಿಗೊಂದು ಕಾವಲು

ದೇವರ ಮೀನು ಎಂದರೆ ಕೈ ಮುಟ್ಟದ ಜನ ನಾವು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ಕಾವೇರಿ ದಂಡೆಯ ರಾಮನಾಥಪುರದಲ್ಲಿ ಮೀನುಗಳು ಜನರ ಕೈಯ ಹತ್ತಿರ ಬರುವುದು ಇದರಿಂದಲೇ. ಭಕ್ತಿಯೊಂದೇ ಸಾಲದು ಎಂಬುದಕ್ಕೂ ಶಿಶಿಲವೇ ಸಾಕ್ಷಿ: 1996ರಲ್ಲಿ ಅಲ್ಲಿ ಕಿಡಿಗೇಡಿಗಳು ವಿಷ ಹಾಕಿ ಮೀನುಗಳನ್ನು ಕೊಂದರು, ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ.

ನಿಮ್ಮ ಊರಿನ ಮಡು ದೇವಸ್ಥಾನದ ಹತ್ತಿರವಿದ್ದರೆ ಸಮಿತಿಯವರನ್ನು ಹಿಡಿದು ಮೇಲೆ ಕೆಳಗೆ ಅರ್ಧ ಅರ್ಧ ಕಿಲೊಮೀಟರ್ ಮೀನು ಹಿಡಿಯದ ಜಾಗ ಎಂದು ನಿರ್ಣಯ ಮಾಡಿಸಿ. ದೇವಸ್ಥಾನವಿಲ್ಲದ ಮಡುವಿಗೆ ಗ್ರಾಮ ಪಂಚಾಯಿತಿಯೇ ದಾರಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಫೈಲಿನಲ್ಲಿ ಮಾತ್ರ ಇದೆ. ಪಿಡಿಒ ಅವರನ್ನು ಕೇಳಿ ಸದಸ್ಯರ ಪಟ್ಟಿ ತೆಗೆಸಿ, ಸಭೆ ಕರೆಸಿ, ನಿಮ್ಮ ನಕ್ಷೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ. ಯಾವುದೋ ಯೋಜನೆ ಬಂದಾಗ ‘ಇಲ್ಲಿ ಅಂಥದ್ದೇನೂ ಇಲ್ಲ’ ಎಂದು ವರದಿ ಬರೆಯುವವರಿಗೆ ಉತ್ತರ ಕೊಡಲು ಆ ಪುಸ್ತಕವೊಂದೇ ನಿಮ್ಮ ಕೈಯಲ್ಲಿರುವುದು.

ಪುರಿ ಹಾಕುವ ಭಕ್ತರಿಗೆ ಕವರ್ ತರಬೇಡಿ ಎನ್ನಿ. ಬ್ರೆಡ್ಡು, ಬಿಸ್ಕತ್ತು ಬೇಡವೇ ಬೇಡ. ಹರಕೆ ಎಂದು ಪೇಟೆಯಿಂದ ಕೊಂಡು ತಂದ ಮೀನು ಬಿಡುವವರನ್ನಂತೂ ಕೈ ಮುಗಿದಾದರೂ ತಡೆಯಿರಿ. ಜಿಲೇಬಿ ಎನ್ನುವ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್, ರೂಪ್‌ಚಂದ್ ಇವೆಲ್ಲ ಹೀಗೇ ನಮ್ಮ ನೀರಿಗೆ ದಾಟಿಕೊಳ್ಳುವುದು.

ಹೆಜ್ಜೆ 8: ಈಗ ಮರಿ ಬಿಡುವ ವಿಷಯ

ಎಪ್ಪತ್ತರ ದಶಕದಲ್ಲಿ ಲೋನಾವಳದ ಟಾಟಾ ವಿದ್ಯುತ್ ಕಂಪನಿಯವರು ನೀಲಿ ರೆಕ್ಕೆಯ ಮಹಶೀರನ್ನು ಸಾಕಿ ಮರಿ ಮಾಡುವ ವಿದ್ಯೆ ಕಂಡುಕೊಂಡರು. ಅದು ನಿಜಕ್ಕೂ ದೊಡ್ಡ ಸಾಧನೆ. ಅಲ್ಲಿಂದ ಬಂದ ಮರಿಗಳು ಕಾವೇರಿಗೂ ಬಿದ್ದವು. ಬಿಟ್ಟವರ ಉದ್ದೇಶ ಒಳ್ಳೆಯದೇ, ಆಗ ಇವೆರಡೂ ಬೇರೆ ಜಾತಿ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾವೇರಿ ದಂಡೆಯ ಗಲಿಬೋರೆಯ ಗಾಳ ಶಿಬಿರದಲ್ಲಿ ಹಿಡಿದು ಬಿಡುತ್ತಿದ್ದ ಮೀನುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕವನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್ ಸಿಕ್ಕಿದ್ದು ಕಂಡಿತು. ವರ್ಷ ಕಳೆದಂತೆ ಮೀನಿನ ಸಂಖ್ಯೆ ಏರುತ್ತಿತ್ತು, ತೂಕ ಇಳಿಯುತ್ತಿತ್ತು. ಏರುತ್ತಿದ್ದುದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಹೆಚ್ಚುಕಡಿಮೆ ಮಾಯವಾಗುತ್ತಿತ್ತು.

ಅಂದರೆ ಹೊಳೆ ತುಂಬ ಬಿಳಿಮೀನು ಇದೆ ಎಂದು ನಾವು ಖುಷಿಪಡುತ್ತಿದ್ದ ವರ್ಷಗಳಲ್ಲೇ ಕಾವೇರಿಯ ಸ್ವಂತ ಬಿಳಿಮೀನು ಕೈತಪ್ಪಿ ಹೋಗುತ್ತಿತ್ತು. ಇಂದು ಅದರ ಗಟ್ಟಿ ನೆಲೆ ಎಂದರೆ ನೀಲಗಿರಿಯ ಬುಡದ ಮೋಯಾರ್ ಕಣಿವೆಯಂಥ ಕೆಲವೇ ಜಾಗಗಳು. ನೀಲಿ ರೆಕ್ಕೆಯದು ಈಗ ಅಳಿವಿನಂಚಿನ ಪಟ್ಟಿಯಲ್ಲೂ ಇಲ್ಲ.

ಆದ್ದರಿಂದ ಯಾರಾದರೂ ನಿಮ್ಮ ಊರಿಗೆ ಮಹಶೀರ್ ಮರಿ ತಂದರೆ, ಹಾರ ತುರಾಯಿಗೆ ಮುಂಚೆ ಹೀಗೆ ಕೇಳಿ: ಇದು ಯಾವ ಜಾತಿ? ತಾಯಿಮೀನು ಯಾವ ನದಿಯದು? ಜಾತಿ ಪರೀಕ್ಷೆಯ ಕಾಗದ ಇದೆಯೇ? ಈ ಜಾಗದಲ್ಲಿ ಈಗಿರುವ ಮೀನು ಯಾವುದು ಎಂದು ನೋಡಿದ್ದೀರಾ? ಉತ್ತರವಿಲ್ಲದಿದ್ದರೆ ಕಾಫಿ ಕೊಟ್ಟು ಕಳಿಸಿ, ಮರಿಗಳನ್ನು ಹೊಳೆಗೆ ಸಂಪರ್ಕವಿಲ್ಲದ ಯಾವುದಾದರೂ ಕೊಳಕ್ಕೆ ಬಿಡಲಿ. ಕಾವೇರಿ ಕಣಿವೆಯದೇ ತಾಯಿಮೀನಿನಿಂದ, ಜಾತಿ ಪರೀಕ್ಷೆ ಮಾಡಿಸಿ ತಂದ ಮರಿ ಮುಂದೊಂದು ದಿನ ಬರಬಹುದು, ಬರಲಿ. ಅಷ್ಟರಲ್ಲಿ ಅವು ಬದುಕುವ ಮಡುವೂ ಹತ್ತುವ ದಾರಿಯೂ ಸಿದ್ಧವಿರಬೇಕು.

ಗಾಳದ ಆಟದ ಬಗ್ಗೆ

ಅಭಯಾರಣ್ಯದ ಒಳಗೆ ಗಾಳ ಹಾಕುವಂತಿಲ್ಲ, ಭೀಮೇಶ್ವರಿ, ಗಲಿಬೋರೆ, ದೊಡ್ಡಮಕ್ಕಳಿಯ ಶಿಬಿರಗಳಲ್ಲಿ ಅದು 2012ರ ಹೊತ್ತಿಗೆ ನಿಂತಿತು. ಕಾನೂನು ಸರಿಯಿರಬಹುದು, ಆದರೆ ಜೊತೆಗೆ ಹಗಲಿರುಳು ಮಡು ಕಾಯುತ್ತಿದ್ದ ಕಣ್ಣುಗಳೂ ಹೋದವು, ಆ ಲೆಕ್ಕದ ಪುಸ್ತಕವೂ ನಿಂತಿತು. ಹೊರಗಡೆ, ಅನುಮತಿ ಇರುವ ಕಡೆ ಗಾಳ ಹಾಕುವವರು ಮುಳ್ಳು ಚಪ್ಪಟೆ ಮಾಡಿದ ಒಂಟಿ ಕೊಕ್ಕೆ ಬಳಸಲಿ, ಮೀನನ್ನು ನೀರಿನಿಂದ ಪೂರ್ತಿ ಎತ್ತದಿರಲಿ, ಬಿಡುವಾಗ ತಲೆ ಹರಿವಿಗೆ ಎದುರಾಗಿ ಹಿಡಿದು ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಲಿ. ಕಿವಿರಿಗೆ ಬೆರಳು ತೂರಿಸಿ ಎತ್ತುವವನ ಕೈಯಿಂದ ಗಾಳ ಕಿತ್ತುಕೊಳ್ಳಿ.

ಲೆಕ್ಕದ ಪುಸ್ತಕ

ಒಂದು ಉದ್ದನೆಯ ರಿಜಿಸ್ಟರ್ ತಂದು ಡೇರಿಯಲ್ಲೋ ದೇವಸ್ಥಾನದ ಕಚೇರಿಯಲ್ಲೋ ಇಡಿ. ದಿನಾಂಕ, ಜಾಗ, ನೀರಿನ ಬಣ್ಣ ಮತ್ತು ಮಟ್ಟ, ಕಂಡ ಮೀನು, ಅಂದಾಜು ಉದ್ದ, ರೆಕ್ಕೆಯ ಬಣ್ಣ, ಬರೆದವರ ಹೆಸರು, ಇಷ್ಟು ಕಾಲಂ ಸಾಕು. ಮೊದಲ ಕೆಂಪು ನೀರು ಬಂದ ದಿನ, ಹಳ್ಳಕ್ಕೆ ಮೀನು ಹತ್ತಿದ ದಿನ, ಮರಿಗಳು ಅಂಚಿನ ತೆಳುನೀರಿನಲ್ಲಿ ಕಾಣಿಸಿದ ದಿನ, ಈ ಮೂರನ್ನು ತಪ್ಪಿಸಬೇಡಿ. ಏನೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಖಾಲಿ ಬಿಟ್ಟರೆ ನೋಡಿದ್ದೇ ಇಲ್ಲ ಎಂದಾಗುತ್ತದೆ. ಮಂಜು ಬೀಳುವ ಹೊತ್ತಿಗೆ ಪುಟಗಳ ಫೋಟೊ ತೆಗೆದು ಒಂದು ಪ್ರತಿಯನ್ನು ಜೀವವೈವಿಧ್ಯ ಸಮಿತಿಗೆ, ಒಂದನ್ನು ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಕೊಡಿ. ಕಿತ್ತಳೆ ರೆಕ್ಕೆಯ ಮೀನು ಒಂದೇ ಒಂದು ಕಂಡಿದ್ದರೂ ಆ ಪುಟವನ್ನು ಹತ್ತಿರದ ಮೀನುಗಾರಿಕೆ ಕಾಲೇಜಿಗೂ ಕಳಿಸಿ, ಜಾಗದ ಗುರುತನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ.